ಎತ್ತದ ಕರೆಗೊಂದು ಪಾಲು

ಕಳೆದ ತಿಂಗಳು ಮಡಕಶಿರದಲ್ಲಿ ನಡೆದ ನನ್ನ ಹಳೆಯ ಸಹೋದ್ಯೋಗಿಯ ನಿವೃತ್ತಿ ಸಮಾರಂಭದಲ್ಲಿ ಮಾತನಾಡಲು ನನಗೆ ದೊರೆತದ್ದು ಎರಡು ನಿಮಿಷ. ಆಹ್ವಾನಿಸುವಾಗ ಹತ್ತು ನಿಮಿಷವೆಂದು ಹೇಳಿದ್ದರು. ಹತ್ತು ನಿಮಿಷಕ್ಕೆ ಸರಿಹೊಂದುವಂತೆ ನಾಲ್ಕು ಪುಟ ಬರೆದು, ಗಡಿಯಾರವನ್ನು ಎದುರಿಗಿಟ್ಟುಕೊಂಡು ಎರಡು ಸಲ ಓದಿ ನೋಡಿ, ರಾಯದುರ್ಗದಿಂದ ಬಸ್ಸು ಬದಲಿಸಿ ಬದಲಿಸಿ ನಾನು ಅಲ್ಲಿಗೆ ತಲುಪಿದ್ದೆ. ನನಗಿಂತ ಮೊದಲು ಮಾತನಾಡಿದ ಮಹನೀಯರೊಬ್ಬರು ಆತನ ಗುಣಗಾನದಿಂದ ಆರಂಭಿಸಿ, ತಮ್ಮ ಮಂಡಿನೋವಿನ ಚಿಕಿತ್ಸೆಯ ವಿವರಗಳಿಗೆ ಹೊರಳಿ, ಅಲ್ಲಿಯೇ ನೆಲೆನಿಂತರು. ನನ್ನ ಎಂಟು ನಿಮಿಷ ಅವರ ಮಂಡಿಗೆ ಸಂದಿತು. ಹಾರ ಹಾಕಿಸಿಕೊಂಡು ಕುಳಿತಿದ್ದ ಸನ್ಮಾನಿತನು ಇದನ್ನೆಲ್ಲ ನೋಡುತ್ತ, ಸದ್ದೇ ಇಲ್ಲದೆ ಭುಜ ಕುಲುಕಿಸಿ ನಗುತ್ತಿದ್ದ. ಆತ ಯಾವಾಗಲೂ ನಗುವುದು ಹಾಗೆಯೇ. ಊಟದ ಸಮಯದಲ್ಲಿ ನಾನು ಆಕ್ಷೇಪಿಸಿದಾಗ ಆತ ಕೊಟ್ಟ ಸಮಾಧಾನ ಇದು: "ಪಾಪ, ಅವರ್ಗೆ ಹೇಳ್ಕಣಾಕೆ ಮನೇಲಿ ಯಾರೂ ಇಲ್ಲ ಸಾರ್. ನಿಮ್ಗಾದ್ರೆ ಬರಿಯಾಕ್ ಬರ್ತೈತೆ."

ಆದ್ದರಿಂದ ಬರೆಯುತ್ತಿದ್ದೇನೆ. ಆತನ ಹೆಸರನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಆತನ ಸಂಸ್ಥೆಯ ವರದಿಯಲ್ಲಿ ನನ್ನ ಹೆಸರನ್ನು ಬರೆಯದೆ 'ಸ್ಥಳೀಯ ಹಿರಿಯರೊಬ್ಬರು' ಎಂದು ನಮೂದಿಸಿದ್ದಾರೆ. ಇದರಿಂದ ಉಭಯತ್ರರೂ ಸಮಸಮವಾದಂತಾಯಿತು.

ರಾಯದುರ್ಗದ ದೂರವಾಣಿ ಕೇಂದ್ರದಲ್ಲಿ ನಾನು ಉಸ್ತುವಾರಿ ಅಧಿಕಾರಿಯಾಗಿದ್ದ ಕಾಲದಲ್ಲಿ ಆತ ಕಿರಿಯ ತಂತ್ರಜ್ಞನಾಗಿ ಬಂದು ಸೇರಿದ. ಮಡಕಶಿರದ ಕಡೆಯವನು. ಬಂದ ಎರಡನೆಯ ವಾರ, ಒಂದು ಮಂಗಳವಾರ, ನಾನು ಊಟ ಮುಗಿಸಿ ಮರಳಿದಾಗ ಫ್ಯಾನಿನ ಕೆಳಗಿನ ನನ್ನ ಕುರ್ಚಿಯಲ್ಲಿ ಕೇಬಲ್ ಜೋಡಿಸುವ ಕೂಲಿಯವನೊಬ್ಬ ಕುಳಿತಿದ್ದ. ಕಂದಕದಿಂದ ಆಗತಾನೆ ಮೇಲೆ ಬಂದವನು, ಅಂಗಿ ಬೆವರಿನಲ್ಲಿ ತೊಯ್ದಿತ್ತು. ನನ್ನನ್ನು ಕಂಡೊಡನೆ ಗಾಬರಿಯಿಂದ ಎದ್ದು ಓಡಿದ. ಕೂರಿಸಿದ್ದು ಯಾರೆಂದು ವಿಚಾರಿಸಿದೆ. ನಮ್ಮ ಹೊಸ ತಂತ್ರಜ್ಞ ಮುಂದೆ ಬಂದು, ನೀವು ಇರಲಿಲ್ಲ, ಕುರ್ಚಿ ಇತ್ತು, ಅದಕ್ಕೆ, ಎಂದ. ಮಾತಿನಲ್ಲಿ ಉದ್ಧಟತನವಿರಲಿಲ್ಲ. ನೀರು ತಗ್ಗಿಗೆ ಹರಿಯುತ್ತದೆ ಎನ್ನುವ ಧಾಟಿಯಲ್ಲಿ ಹೇಳಿದ. ಕುರ್ಚಿ ನನಗೆ ಆ ಕ್ಷಣವೇ ಮರಳಿ ದೊರೆಯಿತು ಎಂಬುದನ್ನು ನ್ಯಾಯಕ್ಕಾಗಿ ದಾಖಲಿಸುತ್ತೇನೆ. ಅದು ಬೆಚ್ಚಗಿತ್ತು ಎಂಬುದನ್ನೂ ದಾಖಲಿಸುತ್ತೇನೆ.

ಇನ್ನೊಂದು ಸಂದರ್ಭ. ಆತನ ತಂಗಿಯ ಮದುವೆ ಮುಗಿಸಿಕೊಂಡು ಮಡಕಶಿರದಿಂದ ಹಿಂದೂಪುರಕ್ಕೆ ಹೊರಟಿದ್ದೆವು. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲು ಎಸೆದು ಸೀಟು ಹಿಡಿಯುವುದು ನಮ್ಮ ಕಡೆಯ ಪದ್ಧತಿ. ಟವೆಲು ಬಿದ್ದ ಸೀಟು ಆ ಟವೆಲಿನ ಒಡೆಯನದು. ಇದನ್ನು ಜಗಳಗಂಟರೂ ಒಪ್ಪುತ್ತಾರೆ. ನಾನು ಎಸೆದೆ. ಅದು ನನ್ನ ಟವೆಲು. ಬಾಗಿಲಿನ ನೂಕುನುಗ್ಗಲು ದಾಟಿ ಒಳಗೆ ಹೋಗುವಷ್ಟರಲ್ಲಿ ಆತ ಅದನ್ನು ಎತ್ತಿ ಅಂದವಾಗಿ ಮಡಿಸಿ ಕೈಯಲ್ಲಿ ಹಿಡಿದುಕೊಂಡಿದ್ದ. ಸೀಟಿನಲ್ಲಿ ಕಂಕುಳಲ್ಲೊಂದು, ಮಡಿಲಲ್ಲೊಂದು ಮಗುವಿದ್ದ ತಾಯಿ ಕುಳಿತಿದ್ದಳು. ನಾನು ಕಣ್ಣು ಕೆಂಪಗೆ ಮಾಡಿದೆ.

"ಟವೆಲ್ಲಿಗೆ ಕಾಲ್ ನೋಯಲ್ಲ ಸಾರ್" ಎಂದ.

ನನ್ನ ಕಾಲುಗಳ ಬಗ್ಗೆ ಆತ ವಿಚಾರಿಸಲಿಲ್ಲ. ಹಿಂದೂಪುರದವರೆಗೆ ನಿಂತು ಹೋದೆ.

ಬಳಸದೆ ಬಿದ್ದಿರುವ ಯಾವುದನ್ನು ಕಂಡರೂ ಆತನ ಕೈ ತುರಿಸುತ್ತಿತ್ತು. ಒಬ್ಬರ ಛತ್ರಿ ಇನ್ನೊಬ್ಬರ ತಲೆಯ ಮೇಲೆ, ಇಲಾಖೆಯ ಜೀಪು ಲೈನ್‌ಮನ್ನನ ಹೆಂಡತಿಯ ಹೆರಿಗೆಗೆ, ನನ್ನ ಕನ್ನಡಕದ ಡಬ್ಬಿ ಯಾರದೋ ಕಿವಿಯೋಲೆಗೆ. ಕೊಟ್ಟದ್ದನ್ನು ಕೇಳಿದೊಡನೆ ತಂದೊಪ್ಪಿಸುತ್ತಿದ್ದ. ಆದರೆ ಕೇಳುವ ಸ್ಥಿತಿಗೆ ಒಡೆಯನನ್ನು ತರುತ್ತಿದ್ದ ಎಂಬುದೇ ನನ್ನ ತಕರಾರು. ಒಂದು ವಸ್ತು ನನ್ನ ಪಾಲಿಗೆ ಬಂದಿದ್ದರೆ, ನಾನು ಬಳಸಲಿ ಬಿಡಲಿ, ಅದು ನನ್ನ ಪಾಲೇ. ಇದು ನನ್ನ ಸಿದ್ಧಾಂತ. "ಈಗ ಯಾರ್ಗ್ ಬೇಕು?" ಎಂಬ ಪ್ರಶ್ನೆ ಆತನದು.

ಮುಂದೆ ಆತ ಸಂಜೆ ತರಗತಿಗಳಲ್ಲಿ ಓದಿ ಎಂಜಿನಿಯರಾದ, ಇಲಾಖೆ ಬಿಟ್ಟು ಖಾಸಗಿ ಸಂಸ್ಥೆಯೊಂದನ್ನು ಸೇರಿದ. ನಾನು ನಿವೃತ್ತನಾಗಿ ರಾಯದುರ್ಗದಲ್ಲೇ ಉಳಿದೆ. ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ, ತಲೆಯೆಲ್ಲ ಬೆಳ್ಳಗಾಗಿದ್ದ ಆತ ನಮ್ಮ ಜಗುಲಿಯಲ್ಲಿ ಪ್ರತ್ಯಕ್ಷನಾದ. ಆ ಪ್ರಶ್ನೆಯನ್ನೇ ಒಂದು ಯಂತ್ರವನ್ನಾಗಿ ಮಾಡಿಕೊಂಡು ಬಂದಿದ್ದ.

ಅದು ಏನೆಂದು ಆತ ನನಗೆ ವಿವರಿಸಿದ್ದು ಮರುದಿನ ಮಡಕಶಿರಕ್ಕೆ ಕರೆದೊಯ್ದು, ತನ್ನ ಮನೆಯ ಹಿಂದಿನ ಹುಳು ಸಾಕುವ ಕೊಟ್ಟಿಗೆಯಲ್ಲಿ. ಅಲ್ಲಿ ಆತನ ಹೆಂಡತಿಯೂ ಇಬ್ಬರು ವಾರಗಿತ್ತಿಯರೂ ಒಂದೇ ಸೂರಿನಡಿ ರೇಷ್ಮೆ ಹುಳು ಸಾಕುತ್ತಿದ್ದರು. ಮೂವರ ತಟ್ಟೆಗಳು ಬೇರೆ ಬೇರೆ. ಹಿಪ್ಪುನೇರಳೆ ಸೊಪ್ಪಿನ ರಾಶಿ ಮಾತ್ರ ಒಂದೇ. ಹುಳು ಪೊರೆ ಬಿಡುವಾಗ ಏನೂ ತಿನ್ನದೆ ತಲೆಯೆತ್ತಿ ನಿಶ್ಚಲವಾಗಿರುತ್ತದೆ, ಅದಕ್ಕೆ ಜ್ವರಕ್ಕೆ ಹೋಗುವುದು ಎನ್ನುತ್ತಾರೆ. ಜ್ವರಕ್ಕೆ ಹೋದ ತಟ್ಟೆಗೆ ಸೊಪ್ಪು ಹಾಕಿದರೆ ಬಾಡಿ ಹಾಳು; ಜ್ವರದಿಂದ ಎದ್ದ ತಟ್ಟೆಗೆ ಎಷ್ಟು ಹಾಕಿದರೂ ಸಾಲದು. ಆದ್ದರಿಂದ ಆ ಮೂವರು ಹೆಂಗಸರು ಪಾಲು ಕಟ್ಟಿಡದೆ, ಯಾವ ತಟ್ಟೆ ಹಸಿದಿದೆಯೋ ಅದಕ್ಕೆ ಸೊಪ್ಪು ಹಾಕುತ್ತಿದ್ದರು.

ಮೊಬೈಲಿನ ಜಾಲವನ್ನೂ ಹಾಗೆಯೇ ಮಾಡಬಹುದು ಎಂಬುದು ಆತನ ಯೋಜನೆ. ಈವರೆಗೆ ಒಂದೊಂದು ಕಂಪನಿಗೂ ಅದರದೇ ಯಂತ್ರಗಳಿದ್ದವು. ಇನ್ನು ಮೂರು ಕಂಪನಿಗಳಿಗೂ ಒಂದೇ ಗೋಪುರ, ಒಂದೇ ರೇಡಿಯೋ. ಪ್ರತಿಯೊಂದಕ್ಕೂ ತನ್ನದೇ ಜಾಲವಿದೆಯೆಂಬ ಭಾವನೆ. ಆ ಬೇರೆ ಬೇರೆ ಜಾಲಗಳು ಇರುವುದು ಸಾಫ್ಟ್‌ವೇರಿನಲ್ಲಿ ಮಾತ್ರ. ಸುತ್ತಲಿನ ಗೋಪುರಗಳ ಕೆಲಸವನ್ನೆಲ್ಲ ರಾಯದುರ್ಗದ ಒಂದು ಕೋಣೆಯ ಕಂಪ್ಯೂಟರುಗಳು ಮಾಡುತ್ತವೆ, ಆ ಕಂಪ್ಯೂಟರುಗಳ ಶಕ್ತಿಯನ್ನೂ ರೇಡಿಯೋ ಅಲೆಗಳನ್ನೂ ಒಂದು ಪ್ರೋಗ್ರಾಂ ಕ್ಷಣಕ್ಷಣಕ್ಕೆ ಅಳೆದು, ಬೇಕಾದವರಿಗೆ ಹಂಚುತ್ತದೆ. ಪ್ರಯೋಗ ಮೊದಲು ರಾಯದುರ್ಗದಲ್ಲಿ. ಪರಿಶೀಲನೆಯಲ್ಲಿ ಉತ್ತೀರ್ಣವಾದರೆ ನಂತರ ಮಡಕಶಿರದಲ್ಲಿ, ಅಲ್ಲಿಗೆ ಮುಖ್ಯಸ್ಥನಾಗಿ ಆತನೇ. ಮೂವತ್ತು ವರ್ಷ ಊರೂರು ತಿರುಗಿದವನಿಗೆ ಕೊನೆಯ ಎರಡು ವರ್ಷ ಸ್ವಂತ ಮನೆಯಲ್ಲಿ ಮುದ್ದೆ ಉಣ್ಣುವ ಯೋಗ.

ಊರಿನ ನಾಡಿ ಬಲ್ಲವರು ಬೇಕೆಂದು ಆತ ನನ್ನನ್ನು ಸಲಹೆಗಾರನಾಗಿ ಕರೆದ. ಕೋಣೆ ಇದ್ದದ್ದು ನಮ್ಮ ಹಳೆಯ ಕೇಂದ್ರದ ಕಟ್ಟಡದಲ್ಲಿ. ಇಪ್ಪತ್ತೆರಡು ವರ್ಷ ನಾನು ಬೀಗ ತೆಗೆದು ಬೀಗ ಹಾಕಿದ ಆ ಬಾಗಿಲಿನಲ್ಲಿ ನನ್ನ ಕೊರಳಿಗೆ ಒಂದು ಬಿಲ್ಲೆ ತೂಗುಹಾಕಿದರು. ಅದರ ಮೇಲೆ 'ಸಂದರ್ಶಕ' ಎಂದಿತ್ತು. ಪ್ರತಿಭಟಿಸಿದೆ. ಆತ ತನ್ನ ಕೊರಳಿನ ಬಿಲ್ಲೆಯನ್ನು ತೆಗೆದು ನನಗೆ ಹಾಕಿ, ನನ್ನದನ್ನು ತಾನು ಧರಿಸಿಕೊಂಡ. ಇಡೀ ದಿನ ಸಂದರ್ಶಕನಾಗಿ ಓಡಾಡಿದ. ಅವಮಾನವನ್ನು ಹೀಗೆ ಕಸಿದುಕೊಳ್ಳುವ ಅಭ್ಯಾಸವೂ ಆತನಿಗಿತ್ತು.

ಯಂತ್ರ ಚೆನ್ನಾಗಿಯೇ ನಡೆಯಿತು, ಸುಳ್ಳು ಹೇಳಲಾರೆ. ಬೆಳಿಗ್ಗೆ ಹತ್ತಕ್ಕೆ ರಾಯದುರ್ಗದ ಜೀನ್ಸ್ ಅಂಗಡಿಯವರೆಲ್ಲ ಹೊಸ ಪ್ಯಾಂಟುಗಳ ವಿಡಿಯೋ ತೆಗೆದು ದೂರದೂರದ ವ್ಯಾಪಾರಿಗಳಿಗೆ ಕಳುಹಿಸತೊಡಗಿದಾಗ ಮೊದಲು ಜಾಲ ಉಸಿರುಗಟ್ಟುತ್ತಿತ್ತು. ಈಗ ಹಳ್ಳಿಗಳ ಕಡೆ ಖಾಲಿಯಿದ್ದ ಪಾಲೆಲ್ಲ ಪೇಟೆಯತ್ತ ಹರಿದುಬಂದು, ವಿಡಿಯೋಗಳು ಸರಾಗವಾಗಿ ಹೋದವು. ಪರದೆಯ ಮೇಲೆ ಎಲ್ಲವೂ ಹಸಿರು. ಆತ ಹಸಿರನ್ನು ನೋಡಿ ಭುಜ ಕುಲುಕಿಸುತ್ತಿದ್ದ.

ಪರಿಶೀಲನೆಗೆ ಮೂರು ದಿನ ಉಳಿದಿತ್ತು. ಗುಮ್ಮಘಟ್ಟದ ಆಚೆಯ ಹಳ್ಳಿಯಿಂದ ನಮ್ಮ ಮನೆಗೆ ವಾರಕ್ಕೊಮ್ಮೆ ತುಪ್ಪ ತಂದುಕೊಡುವ ಕುರಿಗಾರರ ಮನೆಯ ಹೆಣ್ಣುಮಗಳೊಬ್ಬಳಿದ್ದಾಳೆ. ಆಕೆಯ ಲೆಕ್ಕದಲ್ಲಿ ನಾನು ಇನ್ನೂ ಟೆಲಿಫೋನಿನವನೇ. ಅಂದು ತುಪ್ಪದ ಡಬ್ಬಿಯೊಂದಿಗೆ ತನ್ನ ಸಣ್ಣ ಫೋನನ್ನೂ ನನ್ನ ಮುಂದೆ ಇಟ್ಟಳು.

"ಐದು ದಿನ ಆತ್ರಿ ಸರ, ನಮ್ಮನಿಯವ್ರ ರಿಂಗ್ ಬರವಲ್ದು. ಇದೇನ್ ಕೆಟ್ಟೈತೇನ್ ನೋಡ್ರಿ."

ಫೋನು ಸರಿಯಿತ್ತು. ಗಂಡ ಕುರಿ ಹೊಡೆದುಕೊಂಡು ಬಳ್ಳಾರಿ ಕಡೆಯ ಗದ್ದೆಗಳಿಗೆ ಹೋಗಿದ್ದಾನೆ. ದಿನವೂ ಹತ್ತರಿಂದ ಹನ್ನೊಂದರೊಳಗೆ, ಕುರಿಗಳಿಗೆ ನೀರು ಕುಡಿಸುವ ಹೊತ್ತಿನಲ್ಲಿ, ಆಕೆಗೆ ರಿಂಗ್ ಕೊಡುತ್ತಾನೆ. ಒಂದು ರಿಂಗ್ ಆಗಿ ನಿಂತರೆ ಎಲ್ಲ ಕ್ಷೇಮ, ಅದೇ ಹೊಲ. ಎರಡಾದರೆ ಬೇರೆ ಹೊಲಕ್ಕೆ ಹೊರಟಿದ್ದಾನೆ. ಮೂರಾದರೆ ಮಾತ್ರ ಎತ್ತಬೇಕು. ಮೂರನೆಯದು ಈವರೆಗೆ ಬಂದಿಲ್ಲ. ಆ ಹಳ್ಳಿಗಳಲ್ಲಿ ಮನೆಮನೆಯದೂ ಇದೇ ರೂಢಿ. ಕರೆಗೆ ದುಡ್ಡು ಬೀಳುತ್ತಿದ್ದ ಕಾಲದಲ್ಲಿ ಹುಟ್ಟಿದ್ದು, ದುಡ್ಡಿನ ಭಯ ಹೋದ ಮೇಲೂ ಉಳಿದಿದೆ. ಈಗ ಮಾತನಾಡಬಹುದಲ್ಲ ಎಂದು ಕೇಳಿದೆ.

"ಮಾತಾಡಿದ್ರ ಮನಿ ನೆನಪಾಗಿ ಕಾಲು ಇತ್ಲಾಗ ತಿರುಗ್ತಾವಂತ್ರಿ ಅವ್ರಿಗೆ" ಎಂದಳು. ತಾನಾಗಿ ಕರೆ ಮಾಡುವಂತೆಯೂ ಇಲ್ಲ. ಮನೆಯಲ್ಲಿ ಏನೋ ಆಗಿದೆಯೆಂದು ಕುರಿ ಬಿಟ್ಟು ಓಡಿ ಬಂದಾನು. ಇನ್ನೆರಡು ದಿನ ನೋಡಿ, ಬಸ್ಸು ಹತ್ತಿ ಹುಡುಕಿಕೊಂಡು ಹೋಗುವುದೆಂದು ನಿಶ್ಚಯಿಸಿದ್ದಳು. ಯಾವ ಊರೆಂದು ಆಕೆಗೆ ತಿಳಿದಿರಲಿಲ್ಲ.

ನಾನು ನೇರ ನಿಯಂತ್ರಣ ಕೋಣೆಗೆ ಹೋದೆ. ಬಿಲ್ಲೆ ಹಾಕಿಕೊಳ್ಳಲಿಲ್ಲ. ಆತ ಪರದೆಯ ಮೇಲೆ ಆ ಹಳ್ಳಿಗಳ ಪಾಲನ್ನು ತೋರಿಸಿ, ಅಲ್ಲಿ ಬೆಳಗಿನ ಹೊತ್ತು ಮಾತೇ ನಡೆಯುವುದಿಲ್ಲ, ಒಂದು ದೂರೂ ಬಂದಿಲ್ಲ, ಆ ತಟ್ಟೆ ಜ್ವರಕ್ಕೆ ಹೋಗಿದೆ ಎಂದ. ಮಾತೇ ಇಲ್ಲವೆಂಬುದನ್ನು ಯಾವುದರಿಂದ ಅಳೆಯುತ್ತೀ ಎಂದು ಕೇಳಿದೆ. ಎತ್ತಿ ಮಾತನಾಡಿದ ನಿಮಿಷಗಳಿಂದ, ಬಳಸಿದ ಡೇಟಾದಿಂದ, ಎಂದ. ಎತ್ತದೆ ಇದ್ದ ಕರೆಗೆ? ಅದಕ್ಕೆ ಸೊನ್ನೆ. ನಾನು ಒಂದೊಂದಾಗಿ ಬಿಡಿಸಿ ಹೇಳಿದೆ: ಅವರು ಎತ್ತುವುದಿಲ್ಲ, ಆದ್ದರಿಂದ ನಿನ್ನ ಪ್ರೋಗ್ರಾಂ ಅಲ್ಲಿ ಯಾರೂ ಇಲ್ಲವೆಂದು ತಿಳಿದು ಪಾಲನ್ನು ಕತ್ತರಿಸಿತು. ಪಾಲು ಕತ್ತರಿಸಿದ್ದರಿಂದ, ಪೇಟೆಯ ವಿಡಿಯೋಗಳ ಹೊತ್ತಿನಲ್ಲಿ ಅವರಿಗೆ ರಿಂಗೇ ತಲುಪದಾಯಿತು. ತಲುಪದ್ದನ್ನೂ ನೀನು ಸೊನ್ನೆಯೆಂದೇ ಎಣಿಸಿ ಇನ್ನಷ್ಟು ಕತ್ತರಿಸಿದೆ. ಇನ್ನು ದೂರಿನ ಮಾತು. ನಾನು ಎತ್ತಬಾರದೆಂದಿದ್ದ ಕರೆ ನನಗೆ ಬರಲಿಲ್ಲವೆಂದು ಯಾರು, ಯಾವ ನಮೂನೆಯಲ್ಲಿ ಅರ್ಜಿ ಬರೆಯಬೇಕು?

ಆತ ಆ ಹಳ್ಳಿಗಳ ಐದು ದಿನಗಳ ಅಂಕಿಗಳನ್ನು ಪರದೆಯ ಮೇಲೆ ಮತ್ತೊಮ್ಮೆ ತೆಗೆದು ನೋಡಿದ. ಆಮೇಲೆ, ಒಪ್ಪುವುದಕ್ಕೆ ಮೊದಲು ಕಣ್ಣಾರೆ ನೋಡಬೇಕು, ನಾಳೆ ಹೋಗೋಣ ಎಂದ.

ಮರುದಿನ ಷೇರ್ ಆಟೋದಲ್ಲಿ ಮೇವಿನ ಹೊರೆಗಳ ನಡುವೆ ಕುಳಿತು ಗುಮ್ಮಘಟ್ಟಕ್ಕೂ, ಅಲ್ಲಿಂದ ಆಕೆಯ ಹಳ್ಳಿಗೂ ಹೋದೆವು. ಹತ್ತು ಗಂಟೆಗೆ ಆಕೆಯ ಮನೆಯ ಪಡಸಾಲೆಯಲ್ಲಿ ಕಂಬಳಿಯ ಮೇಲೆ ಕುಳಿತೆವು. ಆಕೆಯ ಫೋನನ್ನು ಆತ ಎಡಗೈಯಲ್ಲಿ ಹಿಡಿದುಕೊಂಡ. ಬಲಗೈಯಲ್ಲಿ ಈ ಹಂಚಿಕೆಗೆ ಸೇರದ ಬೇರೆ ಕಂಪನಿಯ ತನ್ನ ಫೋನು, ಅದರಲ್ಲಿ ನಿಯಂತ್ರಣ ಕೋಣೆಯ ಚಿತ್ರ. ಹತ್ತೂಕಾಲು, ಹತ್ತೂವರೆ. ಬಲಗೈಯಲ್ಲಿ ಎಲ್ಲಿಯೂ ಕೊರತೆಯಿಲ್ಲವೆಂಬ ಹಸಿರು. ಎಡಗೈಯಲ್ಲಿ ಮಾತು ಸತ್ತ ಫೋನು. ಆತ ಒಮ್ಮೆ ಅದನ್ನೂ ಒಮ್ಮೆ ಇದನ್ನೂ ನೋಡುತ್ತಿದ್ದ. ಭುಜ ಅಲುಗಲಿಲ್ಲ.

ಆಕೆ ಒಲೆಯ ಮುಂದಿನಿಂದ ಎದ್ದು ಬಂದು ಬಾಗಿಲಿಗೆ ಆತುಕೊಂಡು ನಿಂತಳು.

"ನೀವ ಕಟ್ ಮಾಡಿಸಿರೇನ್ರಿ ಇದನ್ನ?"

"ಹೂಂ ಕಣಮ್ಮ, ನಾನೇ" ಎಂದ ಆತ. "ನೀವು ಫೋನ್ ಎತ್ತಲ್ಲ ಅನ್ನಾದು ನನ್ಗೆ ಗೊತ್ತಿರ್ಲಿಲ್ಲ."

"ಕೇಳಿದ್ರ ಹೇಳ್ತಿದ್ದೆನಲ್ರಿ."

ನಾನು ಮೂವತ್ತು ವರ್ಷಗಳಲ್ಲಿ ಸಂಗ್ರಹಿಸಿದ್ದ ವಾದಗಳೆಲ್ಲ ಸೇರಿ ಮಾಡಲಾಗದ ಕೆಲಸವನ್ನು ಆ ಮಾತು ಮಾಡಿತು. ಆತ ಅಂಗಳಕ್ಕೆ ಹೋಗಿ ನಿಯಂತ್ರಣ ಕೋಣೆಗೆ ಕರೆ ಮಾಡಿದ. ಈ ಹಳ್ಳಿಗಳಿಗೆ ಬೆಳಗಿನ ಹೊತ್ತು ಇಷ್ಟು ಪಾಲು ಖಾಯಮ್ಮಾಗಿ ಇರಲಿ, ಖಾಲಿ ಇದ್ದರೂ ಯಾರೂ ಮುಟ್ಟಕೂಡದು, ಈಗಲೇ ಹಾಕು ಎಂದ. ಅತ್ತ ಇದ್ದ ಎಂಜಿನಿಯರ್ ಹೆಣ್ಣುಮಗಳು ಏನನ್ನೋ ನೆನಪಿಸುತ್ತಿದ್ದಳು. ನಾಡಿದ್ದು ಪರಿಶೀಲನೆ, ಹಾಗೆ ಮಾಡಿದರೆ ತೋರಿಸಬೇಕಾದ ಅಂಕಿ ಇಳಿಯುತ್ತದೆ, ಮಡಕಶಿರದ ಮಾತೇನು ಎಂದಿರಬೇಕು.

"ಇಳೀಲಿ ಬಿಡಮ್ಮ" ಎಂದ. "ಮಡಕಶಿರ ಎಲ್ಲೂ ಓಡೋಗಲ್ಲ. ನೀನ್ ಹಾಕು."

ಒಳಗೆ ಬಂದು ಮತ್ತೆ ಕಂಬಳಿಯ ಮೇಲೆ ಕುಳಿತ. ಹನ್ನೊಂದಕ್ಕೆ ಇನ್ನೂ ಕೆಲವು ನಿಮಿಷಗಳಿದ್ದವು. ಎಡಗೈಯ ಫೋನು ಹೊಡೆದುಕೊಂಡಿತು. ಅದಕ್ಕಾಗಿಯೇ ಅಷ್ಟು ದೂರ ಬಂದಿದ್ದ ಆ ಮಹಾಶಯನ ಹೆಬ್ಬೆರಳು ಸಂತೋಷದಿಂದ ಹಸಿರು ಗುಂಡಿಯತ್ತ ಹೊರಟಿತು. ಎರಡೇ ಹೆಜ್ಜೆಯಲ್ಲಿ ಪಡಸಾಲೆ ದಾಟಿ ಬಂದ ಆಕೆ ಫೋನನ್ನು ಆತನ ಕೈಯಿಂದ ಕಿತ್ತುಕೊಂಡಳು.

"ಎತ್ತಬ್ಯಾಡ್ರಿ. ಎತ್ತಿದ್ರ ಗಾಬರಿ ಬೀಳ್ತಾರ."

ಎರಡನೆಯ ರಿಂಗ್ ಆಯಿತು. ನಿಂತಿತು. ಆಕೆ ಇನ್ನೂ ಸ್ವಲ್ಪ ಹೊತ್ತು ಕಾದು, ಮೂರನೆಯದು ಬಾರದ್ದನ್ನು ಖಚಿತಪಡಿಸಿಕೊಂಡು, ಬೇರೆ ಹೊಲಕ್ಕೆ ಹೊರಟಿದ್ದಾರೆ ಎಂದು ಹೇಳಿ ಒಳಗೆ ಹೋದಳು. ಮಜ್ಜಿಗೆ ತಂದಾಗ ಸೆರಗಿನಿಂದ ಮುಖ ಒರೆಸಿಕೊಂಡಿದ್ದಳು. ತಪ್ಪು ಮಾಡಿದ್ದ ಆತನಿಗೆ ದೊಡ್ಡ ಲೋಟ, ಕಂಡುಹಿಡಿದ ನನಗೆ ಚಿಕ್ಕದು.

ಪರಿಶೀಲನೆಗೆ ಹೊರಗಿನಿಂದ ಮೂವರು ಬಂದಿದ್ದರು. ಆತ ತನ್ನ ತಪ್ಪನ್ನು ವರದಿಯ ಮೊದಲ ಪುಟದಲ್ಲೇ ಇಟ್ಟಿದ್ದ. ನಾನಾಗಿದ್ದರೆ ಅದನ್ನು ಅನುಬಂಧಕ್ಕೆ ಸೇರಿಸುತ್ತಿದ್ದೆ. ಹೀಗೆ ಖಾಲಿ ಪಾಲು ಕಾದಿಡುವುದಾದರೆ ನಿಮ್ಮ ಹಂಚುವ ಯಂತ್ರಕ್ಕೆ ಅರ್ಥವೇನು ಎಂದು ಅವರಲ್ಲಿ ಒಬ್ಬರು ಕೇಳಿದರು. ಉಳಿದದ್ದನ್ನೆಲ್ಲ ಹಂಚುತ್ತದೆ, ಇದೊಂದನ್ನು ಹಂಚುವುದಿಲ್ಲ ಎಂದ. ಎಷ್ಟು ಕಾದಿಡಬೇಕೆಂದು ತನಗೆ ಇನ್ನೂ ತಿಳಿಯದು, ಹಳ್ಳಿಗಳನ್ನು ಕೇಳಬೇಕು, ಎಂದು ಆತ ಒಪ್ಪಿಕೊಂಡ. ಅವರು ತೀರ್ಮಾನವನ್ನು ಆರು ತಿಂಗಳು ಮುಂದೂಡಿ, ಹಾಗಾದರೆ ಕೇಳಿಕೊಂಡು ಬನ್ನಿ ಎಂದು ಹೇಳಿ ಹೋದರು. ಮಡಕಶಿರದ ಮುದ್ದೆಯೂ ಅಷ್ಟು ದೂರ ಸರಿಯಿತು.

ಸಾಂತ್ವನ ಹೇಳಲು ಹೋದರೆ ಆತ ಆಟೋ ನಿಲ್ದಾಣದಲ್ಲಿ ನನ್ನನ್ನೇ ಕಾಯುತ್ತಿದ್ದ. ಆರು ತಿಂಗಳು ಊರೂರು ತಿರುಗಿದೆವು. ರಿಜಿಸ್ಟರ್ ನನ್ನದು, ಗೆರೆ ಎಳೆದದ್ದು ನಾನು: ಊರು, ರಿಂಗಿನ ಸಂಖ್ಯೆ, ಅರ್ಥ, ಪಾಲು. ಒಂದು ಊರಿನಲ್ಲಿ ಎರಡು ರಿಂಗ್ ಎಂದರೆ ಬಸ್ಸು ಹತ್ತಿದ್ದೇನೆ, ಸೈಕಲ್ ತೆಗೆದುಕೊಂಡು ರಸ್ತೆಯ ಗೇಟಿಗೆ ಬಾ. ಇನ್ನೊಂದರಲ್ಲಿ ಒಂದು ರಿಂಗ್ ಎಂದರೆ ಮೋಟರಿಗೆ ಕರೆಂಟು ಬಂದಿದೆ. ಓಬಳಾಪುರದ ದಾರಿಯ ಮನೆಯೊಂದರಲ್ಲಿ ಮೂರು ರಿಂಗ್ ಎಂದರೆ ಅತ್ತೆ ಹೊರಟರು, ಇನ್ನು ಫೋನ್ ಮಾಡು. ಆತ ಎಲ್ಲರ ಜಗುಲಿಯಲ್ಲೂ ಮೊದಲು ಕೇಳಿ ಆಮೇಲೆ ಕುಳಿತ. ಕೊನೆಗೆ ಪರಿಶೀಲಕರು ಒಪ್ಪಿದರು. ಯಂತ್ರ ಈಗ ರಾಯದುರ್ಗದಲ್ಲೂ ಮಡಕಶಿರದಲ್ಲೂ ನಡೆಯುತ್ತಿದೆ. ಎರಡು ವರ್ಷಕ್ಕೆ ಬದಲಾಗಿ ಒಂದೂವರೆ ವರ್ಷ ಆತ ಮನೆಯ ಊಟ ಉಂಡು ನಿವೃತ್ತನಾದ.

ಆ ರಿಜಿಸ್ಟರ್ ನನ್ನ ಬಳಿಯೇ ಇದೆ. ಅದರಲ್ಲಿ ನಾನು ಒಪ್ಪದ ನಮೂದು ಒಂದೇ. ಗುಮ್ಮಘಟ್ಟದ ಕಡೆಯ ಒಂದು ಹಳ್ಳಿಯಲ್ಲಿ ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು, ಗಂಡ ಜೀನ್ಸ್ ಹೊಲಿಯಲು ರಾಯದುರ್ಗಕ್ಕೆ ಹೋಗುತ್ತಾನೆ, ಮಧ್ಯಾಹ್ನ ಒಂದು ರಿಂಗ್ ಕೊಡುತ್ತಾನೆ ಎಂದಳು. ಅರ್ಥವೇನಮ್ಮ ಎಂದು ನಾನು ಲೇಖನಿ ಹಿಡಿದು ಕೇಳಿದೆ. ಆಕೆ ಸೆರಗನ್ನು ಬಾಯಿಗಿಟ್ಟುಕೊಂಡಳು. ಮತ್ತೆ ಕೇಳಿದೆ. "ಅದು ನಿಮಗ್ಯಾಕ್ರಿ?" ಎಂದು ಒಳಗೆ ಓಡಿದಳು. ಒಂದು ಕಾಲಮ್ಮು ಖಾಲಿ ಬಿಟ್ಟು ಮುಂದೆ ಹೋಗುವುದು ನನ್ನ ಪದ್ಧತಿಯಲ್ಲ, ವಿವರ ದೊರೆಯದೆ ಪಾಲು ಕೊಡುವುದು ಕ್ರಮವೂ ಅಲ್ಲ ಎಂದು ನಾನು ಆತನಿಗೆ ಹೇಳುತ್ತಲೇ ಇದ್ದೆ. ಆತ ಭುಜ ಕುಲುಕಿಸುತ್ತ ನನ್ನ ಕೈಯಿಂದ ಲೇಖನಿ ತೆಗೆದುಕೊಂಡು, ನಾನು ಎಳೆದ ಗೆರೆಗಳನ್ನು ದಾಟಿಸಿ, ತನ್ನ ವಕ್ರವಾದ ಅಕ್ಷರಗಳಲ್ಲಿ ಬರೆದ: "ಅರ್ಥ: ಹೇಳಲಿಲ್ಲ. ಪಾಲು: ಇರಲಿ."